ಕಾಣದ ಕಿರಣಕ್ಕೂ ಲೆಕ್ಕ ಬೇಕು

ಕೈ ಮುರಿದ ಮಗುವನ್ನು ಎಕ್ಸ್‌ರೇ ಕೋಣೆಗೆ ಕರೆದೊಯ್ದಾಗ ಅಲ್ಲಿನ ಸಿಬ್ಬಂದಿಯ ಎದೆಯ ಮೇಲೆ ಪುಟ್ಟ ಬ್ಯಾಡ್ಜ್ ಇರುವುದನ್ನು ನೀವು ನೋಡಿರಬಹುದು. ಅದು ಗುರುತಿನ ಚೀಟಿಯಲ್ಲ, ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಸಾಧನ. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಲೆಕ್ಕ ಬರೆದಿಡುತ್ತಾರೆ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬರೆದಿಟ್ಟ ಲೆಕ್ಕವೇ ಅದಕ್ಕೆ ಸಾಕ್ಷಿ.

ಆ ಸಾಕ್ಷಿ ಇಲ್ಲದೆ ಕಷ್ಟಪಟ್ಟವರು ಅಣುಬಾಂಬ್ ಪರೀಕ್ಷೆಯಲ್ಲಿ ದುಡಿದ ಸೈನಿಕರು. 1952ರಿಂದ 1958ರವರೆಗೆ ಬ್ರಿಟನ್ ಆಸ್ಟ್ರೇಲಿಯಾದಲ್ಲೂ ಪೆಸಿಫಿಕ್ ದ್ವೀಪಗಳಲ್ಲೂ ಬಾಂಬ್ ಸಿಡಿಸಿತು. ಅಲ್ಲಿದ್ದ ಅನೇಕರಿಗೆ ಬ್ಯಾಡ್ಜನ್ನೇ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಉಸಿರಿನಲ್ಲಿ, ಊಟದಲ್ಲಿ ಒಳಹೊಕ್ಕ ಧೂಳನ್ನು ಅದು ತೋರಿಸುತ್ತಿರಲಿಲ್ಲ. ವರ್ಷಗಳ ನಂತರ ಕ್ಯಾನ್ಸರ್ ಬಂದು ಪರಿಹಾರ ಕೇಳಿದಾಗ, ಎಷ್ಟು ವಿಕಿರಣ ತಾಗಿತ್ತು ಎಂಬ ಪ್ರಶ್ನೆ ಎದುರಾಯಿತು. ಯಾವ ದಿನ ಎಲ್ಲಿದ್ದರು, ಗಾಳಿ ಯಾವ ಕಡೆ ಬೀಸಿತ್ತು ಎಂದು ಹಳೆಯ ಕಡತಗಳಿಂದ ಅಂದಾಜು ಮಾಡಬೇಕಾಯಿತು. ಅಮೆರಿಕ 1990ರಲ್ಲಿ ತಂದ ಕಾಯಿದೆಯಲ್ಲಿ ಪರೀಕ್ಷೆಯ ಜಾಗದಲ್ಲಿದ್ದು, ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದಿದ್ದರೆ ಸಾಕು, ಪ್ರಮಾಣ ಸಾಬೀತುಪಡಿಸಬೇಕಿಲ್ಲ ಎಂದಿತು.

ನಮ್ಮ ರಾಜ್ಯದಲ್ಲೂ ಒಂದು ಪಾಠವಿದೆ. 2009ರ ನವೆಂಬರ್‌ನಲ್ಲಿ ಕೈಗಾ ಅಣುಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿತು. ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ಹಲವು ನೌಕರರು ಆ ನೀರು ಕುಡಿದಿದ್ದರು. ಅದು ಬೆಳಕಿಗೆ ಬಂದದ್ದು ವಾಡಿಕೆಯ ಮೂತ್ರ ಪರೀಕ್ಷೆಯಿಂದ. ಮೂತ್ರದಲ್ಲಿನ ಟ್ರಿಟಿಯಂ ಅಳೆದು ಮೈಗೆ ಸೇರಿದ ಪ್ರಮಾಣ ಲೆಕ್ಕಹಾಕಿದರು. ಅದರ ಅರ್ಧಭಾಗ ಸುಮಾರು ಹತ್ತು ದಿನದಲ್ಲಿ ದೇಹದಿಂದ ಹೊರಹೋಗುತ್ತದೆ. ಪರೀಕ್ಷೆ ತಡವಾಗಿದ್ದರೆ ಗುರುತೇ ಅಳಿಸಿಹೋಗುತ್ತಿತ್ತು.

ಆಳಂದ, ಅಫಜಲಪುರ, ಜೇವರ್ಗಿಯ ನಮಗೇಕೆ ಈ ಮಾತು? ಜೇವರ್ಗಿಯ ನೆರೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಆದಿಲ್‌ಶಾಹಿ ದೊರೆಗಳ ಗೋರಿಗಳಿರುವ ಗೋಗಿಯೇ ಅದು. ಹೆದರುವ ಅಗತ್ಯವಿಲ್ಲ, ತಿಳಿದಿರಬೇಕು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಯುರೇನಿಯಂ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಾದರೆ ಮೂತ್ರಪಿಂಡಕ್ಕೆ ಹಾನಿ. ನೀರು ಕಾಯಿಸಿದರೆ ಅದು ಹೋಗುವುದಿಲ್ಲ, ಆರ್‌ಓ ಯಂತ್ರ ಬಹುಪಾಲು ತೆಗೆಯುತ್ತದೆ. ಕೊಳವೆಬಾವಿ ನೀರು ಪರೀಕ್ಷೆಗೆ ಕೊಡುವಾಗ ಯುರೇನಿಯಂ ಕೂಡ ನೋಡುತ್ತಾರೆಯೇ ಎಂದು ಕೇಳಿ.

ಮನೆಯ ಗಂಡಸರು ಎಕ್ಸ್‌ರೇ ವಿಭಾಗದಲ್ಲೋ, ಗಲ್ಫ್‌ನಲ್ಲಿ ಪೈಪಿನ ಬೆಸುಗೆಯನ್ನು ವಿಕಿರಣದಿಂದ ಪರೀಕ್ಷಿಸುವ ಕೆಲಸದಲ್ಲೋ ಇದ್ದರೆ ಬ್ಯಾಡ್ಜ್ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ಕೆಲಸ ಬಿಡುವಾಗ ಅದರ ದಾಖಲೆಯ ಪ್ರತಿ ತರಿಸಿ, ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಗರ್ಭಿಣಿಯರು ಎಕ್ಸ್‌ರೇಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಸೂರಃ ಅಲ್‌ಬಕರಃ ನಮಗೆ ಆದೇಶಿಸಿದೆ. ಹಣಕ್ಕೇ ಇಷ್ಟು ಎಚ್ಚರಿಕೆ ಎಂದಮೇಲೆ, ಅಲ್ಲಾಹನು ಅಮಾನತ್ತಾಗಿ ಕೊಟ್ಟ ಶರೀರದ ಲೆಕ್ಕವನ್ನು ಮರೆಯಬಹುದೇ?