ಹಕ್ಕಾ ವಯೋಗಣನೆಯ ಅರ್ಥವಿಚಾರ: ಸಂಖ್ಯೆಯೋ ಸಂಖ್ಯೇಯವೋ?

ಭಾಷಾ ಕ್ಷೇತ್ರಕಾರ್ಯದಲ್ಲಿ ಮಾಹಿತಿದಾರರ ವಯಸ್ಸನ್ನು ಸರಳ ದತ್ತಾಂಶವೆಂದು ಭಾವಿಸುವುದು ರೂಢಿ. ತಲೆಮಾರುಗಳ ನಡುವಣ ಭಾಷಾಭೇದ, ಮಕ್ಕಳ ಭಾಷಾರ್ಜನೆ ಮೊದಲಾದವುಗಳ ವಿಶ್ಲೇಷಣೆ ಆ ಅಂಕಿಯನ್ನೇ ಆಧರಿಸಿರುತ್ತದೆ. ಹಕ್ಕಾ ಭಾಷಿಕರ ಸಾಂಪ್ರದಾಯಿಕ ಗಣನೆಯಲ್ಲಿ ಈ ಅಂಕಿಯು ಕಳೆದ ವರ್ಷಗಳ ಮೊತ್ತವನ್ನಲ್ಲ, ನಡೆಯುತ್ತಿರುವ ವರ್ಷದ ಕ್ರಮವನ್ನು ಸೂಚಿಸುತ್ತದೆ ಎಂಬುದನ್ನು ನಾವಿಲ್ಲಿ ವಿವರಿಸುತ್ತೇವೆ.

ಇತರ ಚೀನೀ ಸಮುದಾಯಗಳಲ್ಲಿಯೂ ಪ್ರಚಲಿತವಿರುವ ಈ ಪದ್ಧತಿಗೆ ಎರಡು ನಿಯಮಗಳಿವೆ. ಶಿಶು ಹುಟ್ಟಿದೊಡನೆ ಅದರ ವಯಸ್ಸು ಒಂದು. ಅನಂತರ ಪ್ರತಿ ಚಾಂದ್ರಮಾನ ಹೊಸವರ್ಷದಂದು ಒಂದು ಕೂಡುತ್ತದೆ. ಜನ್ಮದಿನಕ್ಕೆ ಇಲ್ಲಿ ಪಾತ್ರವಿಲ್ಲ. 2024ರ ಫೆಬ್ರುವರಿ 9ರಂದು, ಎಂದರೆ ಚಾಂದ್ರವರ್ಷದ ಕೊನೆಯ ದಿನ, ಹುಟ್ಟಿದ ಮಗುವಿಗೆ ಮರುದಿನವೇ ಎರಡು. ಆ ಮರುದಿನ ಹುಟ್ಟಿದ ಮಗುವಾದರೋ 2025ರ ಜನವರಿ 28ರವರೆಗೂ ಒಂದರಲ್ಲಿಯೇ ಇರುತ್ತದೆ.

ಈ ವಯಸ್ಸಿಗೆ ಚೀನೀಯಲ್ಲಿ ‘ಬರಿದಾದ ವಯಸ್ಸು’ ಎಂಬರ್ಥದ ಹೆಸರಿದೆ; ಜನ್ಮದಿನದಿಂದ ಎಣಿಸಿದ್ದು ‘ತುಂಬಿದ ವಯಸ್ಸು’. ‘ಬರಿದು’ ಎಂದರೆ ಸುಳ್ಳಲ್ಲ, ಇನ್ನೂ ತುಂಬದ್ದು. ಕನ್ನಡದಲ್ಲಿ ‘ಐದು ತುಂಬಿತು’, ‘ಆರು ನಡೆಯುತ್ತಿದೆ’ ಎಂದು ಕ್ರಿಯಾಪದವು ತೋರುವ ಭೇದವನ್ನು ಅಲ್ಲಿ ವಿಶೇಷಣವು ತೋರುತ್ತದೆ. ಆದರೆ ನಿತ್ಯದ ಮಾತಿನಲ್ಲಿ ಈ ವಿಶೇಷಣ ಬಹುಮಟ್ಟಿಗೆ ಅಧ್ಯಾಹೃತ. ಕ್ರಮಸೂಚಕ ಪ್ರತ್ಯಯವೂ ಬರುವುದಿಲ್ಲ. ರೂಪದಲ್ಲಿ ಸಂಖ್ಯಾವಾಚಕವಾದುದು ಅರ್ಥದಲ್ಲಿ ಸಂಖ್ಯೇಯವಾಚಕವಾಗುವುದು ಚೀನೀ ಭಾಷೆಗಳಿಗೆ ಹೊಸತಲ್ಲ: ‘ಮೂರು’ ಮತ್ತು ‘ತಿಂಗಳು’ ನೇರವಾಗಿ ಸೇರಿದರೆ ಮೂರನೆಯ ತಿಂಗಳು, ನಡುವೆ ವರ್ಗಕ ಬಂದರೆ ಮೂರು ತಿಂಗಳ ಅವಧಿ. ವಯೋವಾಚಕ ಪದವು ವರ್ಗಕವನ್ನು ಸ್ವೀಕರಿಸದ ಕಾರಣ ಅಲ್ಲಿ ಈ ಕುರುಹೂ ದೊರೆಯದು.

ಪರಿಣಾಮ ಅಲ್ಪವಲ್ಲ. 2024ರ ಮಾರ್ಚ್ 1ರಂದು ಒಬ್ಬ ಹಿರಿಯರು ಈ ಗಣನೆಯಂತೆ ತಮಗೆ ಎಪ್ಪತ್ತು ಎಂದರೆನ್ನೋಣ. 2024ರಿಂದ 70 ಕಳೆದು ಜನ್ಮವರ್ಷ 1954 ಎಂದು ಬರೆದರೆ ತಪ್ಪಾಗುತ್ತದೆ. ಅವರು ಹುಟ್ಟಿದ್ದು 1955ರ ಜನವರಿ 24ರಿಂದ 1956ರ ಫೆಬ್ರುವರಿ 11ರವರೆಗಿನ ಕುರಿಯ ವರ್ಷದಲ್ಲಿ. ತುಂಬಿದ ವಯಸ್ಸು 68 ಅಥವಾ 69. ಹಿರಿಯರ ವಿಷಯದಲ್ಲಿ ಈ ಅಂತರವನ್ನು ಕಡೆಗಣಿಸಬಹುದೇನೋ. ಮಾತು ಕಲಿಯುತ್ತಿರುವ ‘ಮೂರು’ ವರ್ಷದ ಮಗುವಿನ ವಿಷಯದಲ್ಲಿ ಅದು ಇಡೀ ವಿಶ್ಲೇಷಣೆಯನ್ನೇ ಕೆಡಿಸುತ್ತದೆ.

ಮರಣಪ್ರಕಟಣೆಗಳನ್ನು ಆಕರವಾಗಿ ಬಳಸುವವರಿಗೆ ಇನ್ನೊಂದು ತೊಡಕುಂಟು. ಆಗ್ನೇಯ ಏಷ್ಯದ ಚೀನೀ ಕುಟುಂಬಗಳಲ್ಲಿ ಬಾಳಿನುದ್ದದ ಅಧಿಕಮಾಸಗಳನ್ನು ಒಟ್ಟುಗೂಡಿಸಿ ಮೃತರ ಆಯಸ್ಸಿಗೆ ಸೇರಿಸುವ ವಾಡಿಕೆಯಿದೆ. ಹತ್ತೊಂಬತ್ತು ವರ್ಷಗಳಿಗೆ ಏಳು ಅಧಿಕಮಾಸಗಳಾದ್ದರಿಂದ, ಅರುವತ್ತೈದು ವರ್ಷಗಳಿಗೆ ಸುಮಾರು ಎರಡು ವರ್ಷ ಹೆಚ್ಚುತ್ತದೆ.

ಆದಕಾರಣ, ಮೇಯ್‌ಷಿಯನ್‌ನಲ್ಲಾಗಲಿ ಕೋಲ್ಕತ್ತದ ಟ್ಯಾಂಗ್ರಾದಲ್ಲಾಗಲಿ ಹಕ್ಕಾ ಸಾಮಗ್ರಿ ಸಂಗ್ರಹಿಸುವವರು ವಯಸ್ಸಿನ ಜೊತೆಗೆ ಜನ್ಮವರ್ಷದ ಪ್ರಾಣಿಯನ್ನೂ ಕೇಳುವುದು ಲೇಸು. ಹನ್ನೆರಡು ವರ್ಷಗಳ ಆವರ್ತದಲ್ಲಿ ಅದು ಚಾಂದ್ರವರ್ಷವನ್ನು ನಿಸ್ಸಂದಿಗ್ಧವಾಗಿ ಗುರುತಿಸುತ್ತದೆ. ಹೇಳಿದ ಅಂಕಿಯನ್ನೂ ಪರಿವರ್ತಿತ ಅಂಕಿಯನ್ನೂ ಬೇರೆಬೇರೆಯಾಗಿಯೇ ದಾಖಲಿಸಬೇಕು. ಮೊದಲನೆಯದು ತಿದ್ದಬೇಕಾದ ದೋಷವಲ್ಲ, ಅದೂ ಭಾಷಾಸಾಮಗ್ರಿಯೇ.