ಮಳೆಗಾಲದ ಪ್ರವಾಸ: ಊರು ಆರಿಸುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಆಗುಂಬೆಯಲ್ಲಾದರೆ 7,000 ಮಿ.ಮೀ.ಗೂ ಮಿಕ್ಕಿ ಸುರಿಯುತ್ತದೆ. ಹೀಗಾಗಿ ಜುಲೈ, ಆಗಸ್ಟ್ ಬಂತೆಂದರೆ ಜೋಗದ ಜಲಪಾತ ನೋಡಬೇಕು, ಶೃಂಗೇರಿ, ಧರ್ಮಸ್ಥಳ, ಕುಕ್ಕೆಗೆ ಹೋಗಿ ಬರಬೇಕು ಎಂದು ನಮ್ಮ ಕುಟುಂಬಗಳು ಹೊರಡುವುದು ಸಹಜ. ಆದರೆ ಮಕ್ಕಳು, ವೃದ್ಧರು, ಗರ್ಭಿಣಿಯರು ಜೊತೆಗಿದ್ದಾಗ ‘ಎಲ್ಲಿಗೆ’ ಎಂಬ ಪ್ರಶ್ನೆಯೊಂದಿಗೆ ‘ಅಲ್ಲಿ ಈಗ ಯಾವ ಕಾಯಿಲೆ, ಯಾವ ಅಪಾಯ’ ಎಂಬುದನ್ನೂ ಕೇಳಿಕೊಳ್ಳಬೇಕು.

ಮಲೆನಾಡು ಮತ್ತು ಕರಾವಳಿ

ಮಳೆನಾಡಿನಲ್ಲಿ ಗಮನಿಸಬೇಕಾದ ಮೊದಲ ಕಾಯಿಲೆ ಇಲಿಜ್ವರ. ಇಲಿ, ದನ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ನೀರು ಮತ್ತು ಕೆಸರಿನಿಂದ ರೋಗಾಣುಗಳು ಕಾಲಿನ ಗಾಯ, ಬಿರುಕುಗಳ ಮೂಲಕ ದೇಹಕ್ಕೆ ಸೇರುತ್ತವೆ. ಹಿಮ್ಮಡಿ ಒಡೆದವರು, ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಕೆಸರು ತುಳಿಯಬಾರದು. ಜಿಗಣೆ ಕಚ್ಚಿದರೆ ಗಾಬರಿ ಬೇಡ. ಉಗುರಿನಿಂದ ಮೆಲ್ಲಗೆ ಬಿಡಿಸಿ, ಸೋಪಿನಿಂದ ತೊಳೆದು, ಬಟ್ಟೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ.

ಎರಡನೆಯದು ಸೊಳ್ಳೆ. ಮಂಗಳೂರು ದಶಕಗಳ ಕಾಲ ಮಲೇರಿಯಾಕ್ಕೆ ಹೆಸರಾಗಿತ್ತು. ಪ್ರಕರಣಗಳು ಈಗ ಬಹಳ ಇಳಿದಿದ್ದರೂ ಎಚ್ಚರ ಬೇಕು. ಡೆಂಗೆಯಂತೂ ಎಲ್ಲೆಡೆ ಇದೆ. ಮಲೇರಿಯಾ ಸೊಳ್ಳೆ ರಾತ್ರಿ ಕಚ್ಚಿದರೆ, ಡೆಂಗೆ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಆದ್ದರಿಂದ ತುಂಬುತೋಳಿನ ಅಂಗಿ ಹಗಲಿಗೂ ಬೇಕು, ಸೊಳ್ಳೆಪರದೆ ರಾತ್ರಿಗೂ ಬೇಕು.

ಮೂರನೆಯದು ಗುಡ್ಡ ಕುಸಿತ. 2024ರ ಜುಲೈ ತಿಂಗಳಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ, ಅದೇ ತಿಂಗಳ ಕೊನೆಯಲ್ಲಿ ಕೇರಳದ ವಯನಾಡಿನಲ್ಲಿ ಆದ ದುರಂತಗಳನ್ನು ಮರೆಯುವಂತಿಲ್ಲ. ಹವಾಮಾನ ಇಲಾಖೆ ‘ರೆಡ್ ಅಲರ್ಟ್’ ಕೊಟ್ಟ ದಿನ ಘಟ್ಟ ಹತ್ತುವುದು ಬೇಡ. ಹರಕೆಯನ್ನು ಒಂದು ವಾರ ಮುಂದೂಡಬಹುದು.

ಹತ್ತಿರದಲ್ಲೇ ಇರುವ ಊರುಗಳು

ಚಿಕ್ಕ ಮಗು ಅಥವಾ ಉಬ್ಬಸವಿರುವ ಹಿರಿಯರು ಇದ್ದರೆ ದೂರ ಹೋಗಲೇಬೇಕೆಂದಿಲ್ಲ. ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡಗಳು ಹಸಿರಾಗುತ್ತವೆ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳಿವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಪಕ್ಷಿಧಾಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ ಇದೆ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು, ಮನೆಯ ಬುತ್ತಿ, ಮನೆಯ ನೀರು ಒಯ್ಯಬಹುದು. ಹೊಟ್ಟೆಯ ಅರ್ಧ ತೊಂದರೆ ಇದರಿಂದಲೇ ತಪ್ಪುತ್ತದೆ. ಆದರೆ ತುಂಗಭದ್ರೆ ತುಂಬಿ ಹರಿಯುವಾಗ ಹೊಳೆಗಿಳಿದು ಸ್ನಾನ ಮಾಡಬಾರದು.

ದೂರದ ನಾಡುಗಳು

ಏಷ್ಯಾದಲ್ಲೆಲ್ಲ ಒಂದೇ ಕಾಲಕ್ಕೆ ಮಳೆ ಬರುವುದಿಲ್ಲ. ಥಾಯ್ಲೆಂಡ್, ವಿಯೆಟ್ನಾಂನ ಬಹುಭಾಗದಲ್ಲಿ ನಮ್ಮಂತೆಯೇ ಈಗ ಮಳೆಗಾಲ. ಇಂಡೊನೇಷ್ಯಾದ ಬಾಲಿಯಲ್ಲಿ ಇದು ಒಣಗಾಲ. ಶ್ರೀಲಂಕಾದ ನೈಋತ್ಯ ಭಾಗ ನೆನೆಯುವಾಗ ಪೂರ್ವದ ತ್ರಿಂಕೋಮಲೆ ಒಣಗಿರುತ್ತದೆ. ಒಣಗಾಲವೆಂದರೆ ಸೊಳ್ಳೆಯೇ ಇಲ್ಲವೆಂದಲ್ಲ; ಬಾಲಿಯಲ್ಲೂ ಡೆಂಗೆ ಉಂಟು. ಲಡಾಖ್ ಮಳೆಯ ಮರೆಯ ಪ್ರದೇಶವಾದರೂ ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ನೇರವಾಗಿ ಇಳಿದವರು ಮೊದಲ ಎರಡು ದಿನ ವಿಶ್ರಾಂತಿ ಪಡೆಯಬೇಕು. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು.

ಹೊರಡುವ ಮುನ್ನ

ನೀರು ಕಡಿಮೆ ಇರುವ ನಮ್ಮ ಕಡೆ ಪ್ರತಿ ಮನೆಯಲ್ಲೂ ತೊಟ್ಟಿ, ಡ್ರಮ್ಮುಗಳು ತುಂಬಿರುತ್ತವೆ. ಮನೆಗೆ ಬೀಗ ಹಾಕಿ ವಾರ ಕಳೆದರೆ ಆ ನೀರಿನಲ್ಲಿ ಡೆಂಗೆ ಸೊಳ್ಳೆಯ ಒಂದು ಪೀಳಿಗೆ ಸಿದ್ಧವಾಗುತ್ತದೆ. ಆದ್ದರಿಂದ ಅವನ್ನು ಬರಿದು ಮಾಡಿ, ತಿಕ್ಕಿ ತೊಳೆದು, ಬೋರಲು ಹಾಕಿ ಹೊರಡಿ. ಬರಿದು ಮಾಡಲಾಗದ ತೊಟ್ಟಿಗೆ ಬಿಗಿಯಾಗಿ ಬಟ್ಟೆ ಕಟ್ಟಿ.

ದಿನನಿತ್ಯದ ಮಾತ್ರೆಗಳು, ವೈದ್ಯರ ಚೀಟಿ, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ಚಮಚ ಮಟ್ಟವಾಗಿರಲಿ. ಟೈಫಾಯಿಡ್ ಲಸಿಕೆ ಬೇಕೆನಿಸಿದರೆ ಎರಡು ವಾರ ಮೊದಲೇ ಹಾಕಿಸಬೇಕು.

ಮರಳಿದ ಮೇಲೆ ಜ್ವರ ಬಂದರೆ

ಇದು ಎಲ್ಲಕ್ಕಿಂತ ಮುಖ್ಯ. ಡೆಂಗೆ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಇಲಿಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ಒಂದು ತಿಂಗಳವರೆಗೂ ತಡವಾಗಿ ಬರಬಹುದು. ಮಲೇರಿಯಾ ಒಂದು ವಾರಕ್ಕೆ ಮೊದಲು ಬರುವುದು ಅಪರೂಪ. ತಿಂಗಳುಗಳ ನಂತರವೂ ಬಂದೀತು. ಅಷ್ಟರಲ್ಲಿ ಪ್ರವಾಸದ ನೆನಪೇ ಹಿಂದೆ ಬಿದ್ದಿರುತ್ತದೆ. ಮಳೆಯಲ್ಲಿ ನೆನೆದದ್ದಕ್ಕೆ ಬಂದ ಜ್ವರವೆಂದು ಸುಮ್ಮನಿದ್ದರೆ ಇಲಿಜ್ವರ ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಲ್ಲದು. ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೀವಕ ಔಷಧಿಗಳಿಂದಲೇ ಗುಣವಾಗುತ್ತದೆ.

ಆದ್ದರಿಂದ ವೈದ್ಯರು ಕೇಳದಿದ್ದರೂ ಎಲ್ಲಿಗೆ ಹೋಗಿದ್ದಿರಿ, ಎಂದು ಮರಳಿದಿರಿ, ಕೆಸರು ತುಳಿದಿರಾ ಎಂಬುದನ್ನು ನೀವೇ ಹೇಳಿ. ರಕ್ತಪರೀಕ್ಷೆಗೆ ಮೊದಲು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಡೆಂಗೆಯಲ್ಲಿ ಇವು ರಕ್ತಸ್ರಾವ ಹೆಚ್ಚಿಸಬಹುದು. ಜ್ವರ ಇಳಿದ ಬಳಿಕ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.