ಯುರೇನಿಯಂ ಅದಿರಿನ ಸಂಸ್ಕರಣೆಯಲ್ಲಿ ಸಲ್ಫ್ಯೂರಿಕ್ ಆಮ್ಲ: ಉತ್ಪಾದನೆ, ಪೂರೈಕೆ ಮತ್ತು ಖರೀದಿದಾರರಿಗೆ ಮಾಹಿತಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರಿಗೆ ಸಲ್ಫ್ಯೂರಿಕ್ ಆಮ್ಲ, ಅಂದರೆ ಗಂಧಕಾಮ್ಲ, ಪರಿಚಿತವಾಗಿರುವುದು ಇನ್ವರ್ಟರ್ ಬ್ಯಾಟರಿಯಲ್ಲಿ ಮತ್ತು ಕಾಲೇಜಿನ ಪ್ರಯೋಗಾಲಯದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬಳಸುವ ಮೈಲುತುತ್ತವೂ ತಾಮ್ರ ಹಾಗೂ ಇದೇ ಆಮ್ಲದಿಂದ ಉಂಟಾಗುವ ಲವಣವಾಗಿರುತ್ತದೆ. ಇಲ್ಲಿ ಲೀಟರ್ ಲೆಕ್ಕದಲ್ಲಿ ವ್ಯವಹಾರವಾಗುವ ಈ ವಸ್ತುವನ್ನು ಯುರೇನಿಯಂ ಗಣಿಗಳು ಟನ್ನುಗಳ ಲೆಕ್ಕದಲ್ಲಿ ಬಳಸುತ್ತವೆ. ಆಮ್ಲದ ಖರೀದಿ, ಮಾರಾಟ ಅಥವಾ ದಾಸ್ತಾನಿನ ಸಂಬಂಧ ಕಚೇರಿಯನ್ನು ಸಂಪರ್ಕಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿವರಗಳನ್ನು ನೀಡಲಾಗಿದೆ.

ಗಣಿಯಲ್ಲಿ ಬಳಕೆ

ಯುರೇನಿಯಂ ಅದಿರಿನಲ್ಲಿ ಲೋಹದ ಅಂಶವು ಅತ್ಯಲ್ಪ. ಜಾರ್ಖಂಡ್ ರಾಜ್ಯದ ಜಾದೂಗುಡದಲ್ಲಿ ಒಂದು ಟನ್ ಅದಿರಿಗೆ ಒಂದು ಕಿಲೋಗ್ರಾಂ ಯುರೇನಿಯಂ ಸಹ ದೊರೆಯುವುದಿಲ್ಲ. ಆದುದರಿಂದ ಅದಿರನ್ನು ನುಣ್ಣಗೆ ಅರೆದು, ತೊಟ್ಟಿಗಳಲ್ಲಿ ಆಮ್ಲದೊಡನೆ ಕಲಕಿ, ಯುರೇನಿಯಂ ಅನ್ನು ದ್ರಾವಣಕ್ಕೆ ಇಳಿಸಲಾಗುತ್ತದೆ. ಉಳಿದ ಕೆಸರಿಗೆ ಸುಣ್ಣ ಸೇರಿಸಿ ಆಮ್ಲೀಯತೆಯನ್ನು ಶಮನಗೊಳಿಸಿ ತ್ಯಾಜ್ಯದ ಕೊಳಕ್ಕೆ ಬಿಡಲಾಗುತ್ತದೆ.

ಉತ್ಪಾದನೆ ಮತ್ತು ಪೂರೈಕೆ

ಗಂಧಕವನ್ನು ಉರಿಸಿದಾಗ ಸಲ್ಫರ್ ಡೈಆಕ್ಸೈಡ್ ಅನಿಲ ಉಂಟಾಗುತ್ತದೆ. ಸದರಿ ಅನಿಲವನ್ನು ಸುಮಾರು 400ರಿಂದ 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವನೇಡಿಯಂ ಪೆಂಟಾಕ್ಸೈಡ್ ಎಂಬ ವೇಗವರ್ಧಕದ ಮೇಲೆ ಹಾಯಿಸಿದಾಗ ಅದು ಸಲ್ಫರ್ ಟ್ರೈಆಕ್ಸೈಡ್ ಆಗಿ ಪರಿವರ್ತನೆಗೊಳ್ಳುತ್ತದೆ. ಇದನ್ನು ನೇರವಾಗಿ ನೀರಿನಲ್ಲಿ ಕರಗಿಸಿದರೆ ಆಮ್ಲದ ಮಂಜು ಏಳುವುದರಿಂದ, ಮೊದಲು ಪ್ರಬಲ ಆಮ್ಲದಲ್ಲಿಯೇ ಹೀರಿಸಿ, ನಂತರ ನೀರು ಬೆರೆಸಿ ಬೇಕಾದ ಪ್ರಮಾಣಕ್ಕೆ ತರಲಾಗುತ್ತದೆ.

ಒಂದು ಟನ್ ಗಂಧಕದಿಂದ ಸುಮಾರು ಮೂರು ಟನ್ ಆಮ್ಲ ದೊರೆಯುತ್ತದೆ. ಪೂರೈಕೆಯ ಲೆಕ್ಕಾಚಾರವೆಲ್ಲ ಇದರಲ್ಲಿಯೇ ಅಡಗಿದೆ ಎನ್ನಬಹುದು. ಮೂರು ಟ್ಯಾಂಕರ್ ಆಮ್ಲವನ್ನು ದೂರದ ರಸ್ತೆಯಲ್ಲಿ ಸಾಗಿಸುವುದಕ್ಕಿಂತ ಒಂದು ಲಾರಿ ಗಂಧಕವನ್ನು ತರುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು. ಕೆನಡಾ ದೇಶದ ಕೀ ಲೇಕ್ ಸಂಸ್ಕರಣಾ ಘಟಕದ ಆವರಣದಲ್ಲಿಯೇ ಆಮ್ಲ ಸ್ಥಾವರವಿದೆ. ಪೂರೈಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಜಕಸ್ತಾನ ನಿದರ್ಶನವಾಗಿದೆ. ವಿಶ್ವದಲ್ಲಿ ಅತಿ ಹೆಚ್ಚು ಯುರೇನಿಯಂ ತೆಗೆಯುವ ಆ ದೇಶದ ಸರ್ಕಾರಿ ಸಂಸ್ಥೆಯು, ಆಮ್ಲದ ಕೊರತೆಯನ್ನು ಒಂದು ಕಾರಣವಾಗಿ ನೀಡಿ, 2024ರಲ್ಲಿ ತನ್ನ ಉತ್ಪಾದನಾ ಗುರಿಯನ್ನು ಇಳಿಸಬೇಕಾಯಿತು.

ಗೋಗಿಯ ಅದಿರು

ಕರ್ನಾಟಕದಲ್ಲಿ ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವನ್ನು ಗುರುತಿಸಲಾಗಿದೆ. ಜಾದೂಗುಡಕ್ಕಿಂತ ಇಲ್ಲಿನ ಅದಿರಿನ ಗುಣಮಟ್ಟ ಮೇಲು. ಆದಾಗ್ಯೂ ಇದಕ್ಕೆ ಯೋಜಿಸಲಾದುದು ಆಮ್ಲದ ವಿಧಾನವಲ್ಲ. ಕಾರಣ ಸುಣ್ಣಕಲ್ಲು.

ಅಡಿಕೆ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿರುವುದಿಲ್ಲ. ಬೋರ್ಡೋ ದ್ರಾವಣ ತಯಾರಿಸುವಾಗ ಮೈಲುತುತ್ತದ ಹುಳಿಯನ್ನು ಸುಣ್ಣ ಶಮನಗೊಳಿಸುತ್ತದೆ. ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಮತ್ತಷ್ಟು ಸೇರಿಸಲಾಗುತ್ತದೆ. ಗೋಗಿಯ ಅದಿರಿನಲ್ಲಿ ಸುಣ್ಣಕಲ್ಲು ನಿಸರ್ಗದತ್ತವಾಗಿಯೇ ಬೆರೆತಿದೆ. ಒಂದು ಟನ್ ಶುದ್ಧ ಸುಣ್ಣಕಲ್ಲು ಸುಮಾರು ಒಂದು ಟನ್ ಆಮ್ಲವನ್ನು ನುಂಗಿ ಜಿಪ್ಸಂ ಆಗುತ್ತದೆಯೇ ಹೊರತು ಅದರಿಂದ ಯುರೇನಿಯಂ ದೊರೆಯುವುದಿಲ್ಲ. ಆಂಧ್ರಪ್ರದೇಶದ ತುಮ್ಮಲಪಲ್ಲೆಯಲ್ಲಿಯೂ ಇದೇ ಬಗೆಯ ತೊಡಕಿದ್ದ ಕಾರಣ ಅಲ್ಲಿ ಸೋಡಿಯಂ ಕಾರ್ಬೊನೇಟ್ ಬಳಸುವ ಕ್ಷಾರ ವಿಧಾನವನ್ನು ಅಳವಡಿಸಲಾಗಿದೆ. ಆಮ್ಲ ಬೇಡವೆಂದ ಮಾತ್ರಕ್ಕೆ ತ್ಯಾಜ್ಯದ ಪ್ರಶ್ನೆ ಇತ್ಯರ್ಥವಾದಂತೆ ಭಾವಿಸಲಾಗದು. ಕ್ಷಾರ ವಿಧಾನದಲ್ಲಿಯೂ ವಿಕಿರಣಯುಕ್ತ ಕೆಸರು ಉಳಿಯುತ್ತದೆ.

ಖರೀದಿ ಮತ್ತು ದಾಸ್ತಾನು

ಆಮ್ಲ ದಾಳಿಗಳ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಿ ಪ್ರಕರಣದಲ್ಲಿ 2013ರ ಜುಲೈ 18ರಂದು ಚಿಲ್ಲರೆ ಮಾರಾಟಕ್ಕೆ ಸಂಬಂಧಿಸಿದ ನಿರ್ದೇಶನಗಳನ್ನು ನೀಡಿತು. ಅದರನ್ವಯ ಖರೀದಿದಾರರು ವಿಳಾಸವುಳ್ಳ, ಸರ್ಕಾರದಿಂದ ನೀಡಲ್ಪಟ್ಟ ಭಾವಚಿತ್ರಸಹಿತ ಗುರುತಿನ ಚೀಟಿಯನ್ನು ಹಾಜರುಪಡಿಸಿ, ಖರೀದಿಯ ಉದ್ದೇಶವನ್ನು ತಿಳಿಸತಕ್ಕದ್ದು. ಮಾರಾಟಗಾರರು ಖರೀದಿದಾರರ ವಿಳಾಸ ಮತ್ತು ಪ್ರಮಾಣವನ್ನು ವಹಿಯಲ್ಲಿ ನಮೂದಿಸತಕ್ಕದ್ದು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ದಾಸ್ತಾನನ್ನು 15 ದಿನಗಳೊಳಗಾಗಿ ಉಪವಿಭಾಗ ದಂಡಾಧಿಕಾರಿಗಳಿಗೆ ಘೋಷಿಸತಕ್ಕದ್ದು. ಘೋಷಿಸದ ದಾಸ್ತಾನನ್ನು ಮುಟ್ಟುಗೋಲು ಹಾಕಿಕೊಂಡು ರೂ. 50,000ದವರೆಗೆ ದಂಡ ವಿಧಿಸಲು ಅವಕಾಶವಿದೆ. ಆಮ್ಲ ಇರಿಸಿಕೊಳ್ಳುವ ಶಿಕ್ಷಣ ಸಂಸ್ಥೆಗಳು ಬಳಕೆಯ ವಹಿಯನ್ನು ನಿರ್ವಹಿಸಿ, ಹೊಣೆಗಾರರೊಬ್ಬರನ್ನು ನೇಮಿಸತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದ ಅಂಶವೆಂದರೆ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳು ಸಾಗರ ಉಪವಿಭಾಗಕ್ಕೆ ಸೇರಿರುತ್ತವೆ. ತೀರ್ಥಹಳ್ಳಿ ತಾಲ್ಲೂಕು ಶಿವಮೊಗ್ಗ ಉಪವಿಭಾಗದ ವ್ಯಾಪ್ತಿಯಲ್ಲಿರುವುದರಿಂದ, ಅಲ್ಲಿನವರು ಶಿವಮೊಗ್ಗದ ಉಪವಿಭಾಗಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

ಬ್ಯಾಟರಿಗೆ ಮಟ್ಟ ಕಡಿಮೆಯಾದಾಗ ಸೇರಿಸಬೇಕಾದುದು ಬಟ್ಟಿ ಇಳಿಸಿದ ನೀರೇ ಹೊರತು ಆಮ್ಲವಲ್ಲ. ಪ್ರಬಲ ಆಮ್ಲವನ್ನು ತೆಳುಗೊಳಿಸುವಾಗ ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸತಕ್ಕದ್ದು. ಆಮ್ಲಕ್ಕೆ ನೀರು ಸುರಿದಲ್ಲಿ ಅದು ಕುದಿದು ಸಿಡಿಯುತ್ತದೆ.